‘ಸೆವೆನ್’ ಎಂದರೆ ಯಾವ ಏಳು?

ಉದ್ದ ಮೂತಿ, ಸೈಕಲ್ಲಿನಂಥ ಮಡ್‌ಗಾರ್ಡು, ನೆಲಕ್ಕೆ ಅಂಟಿದಂತಿರುವ ಎರಡು ಆಸನ: ಇಷ್ಟು ಕಂಡ ಕೂಡಲೇ ಕಾರಿನ ಚಿತ್ರದ ಕೆಳಗೆ ‘ಲೋಟಸ್ ಸೆವೆನ್ ನಕಲು’ ಎಂದು ಬರೆಯುವುದು ಕನ್ನಡದ ವಾಹನ ಬರಹಗಳಲ್ಲಿ ರೂಢಿಯಾಗುತ್ತಿದೆ. ಮೊನ್ನೆ ಓದಿದ ಒಂದು ಬರಹವಂತೂ ಬ್ರಿಟನ್ನಿನ ಕೇಟರ್‌ಹ್ಯಾಮ್ ಸಂಸ್ಥೆಯ ಸೆವೆನ್ 620 ಎಂಬ ಕಾರನ್ನು ‘620 ಅಶ್ವಶಕ್ತಿಯ ಲೋಟಸ್ ನಕಲು’ ಎಂದು ಪರಿಚಯಿಸಿತ್ತು. ಆ ಒಂದು ಪದಗುಚ್ಛದಲ್ಲಿ ಸಂಖ್ಯೆ, ಹೆಸರು, ಸಂಬಂಧ ಮೂರೂ ತಪ್ಪಾಗಿವೆ. ಹೆಸರಿನಿಂದಲೇ ಆರಂಭಿಸಬೇಕು, ಏಕೆಂದರೆ ಉಳಿದ ಎರಡು ತಪ್ಪುಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಬ್ರಿಟನ್ನಿನ ಕಾರುಗಳ ಚರಿತ್ರೆಯಲ್ಲಿ ಹೆಸರಾದ ‘ಸೆವೆನ್’ಗಳು ಎರಡಿವೆ. ಮೊದಲನೆಯದು 1922ರಲ್ಲಿ ಬಂದ ಆಸ್ಟಿನ್ ಸೆವೆನ್. ಅಲ್ಲಿನ ಏಳು ತೆರಿಗೆಯ ಲೆಕ್ಕದ ಅಶ್ವಶಕ್ತಿ. ಎಂಜಿನ್ ನಿಜವಾಗಿ ಎಷ್ಟು ಬಲ ಕೊಡುತ್ತದೆ ಎಂಬುದನ್ನು ಆ ಲೆಕ್ಕ ಕೇಳುತ್ತಿರಲಿಲ್ಲ. ಸಿಲಿಂಡರುಗಳ ಸಂಖ್ಯೆ ಮತ್ತು ವ್ಯಾಸದಿಂದ ಒಂದು ಅಂಕಿಯನ್ನು ತೆಗೆದು ಅದರ ಮೇಲೆ ತೆರಿಗೆ ಹಾಕುತ್ತಿದ್ದರು. ಎರಡನೆಯದು ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್. ಚಾಪ್‌ಮನ್ 1948ರಲ್ಲಿ ಕಟ್ಟಿದ ತನ್ನ ಮೊದಲ ಕಾರಿಗೆ ಹಳೆಯ ಆಸ್ಟಿನ್ ಸೆವೆನ್ನಿನ ಭಾಗಗಳನ್ನೇ ಬಳಸಿದ್ದರಿಂದ, ಹೆಸರೂ ಅಲ್ಲಿಂದಲೇ ಬಂದಿತೆಂದು ಬಹಳ ಮಂದಿ ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ.

ನಮ್ಮ ವ್ಯಾಕರಣ ಇಲ್ಲಿ ನೆರವಿಗೆ ಬರುತ್ತದೆ. ‘ಏಳು’ ಸಂಖ್ಯಾವಾಚಕ, ‘ಏಳನೆಯ’ ಸಂಖ್ಯೇಯವಾಚಕ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆಸ್ಟಿನ್ನಿನದು ಸಂಖ್ಯಾವಾಚಕ, ಅದು ಅಳತೆಯನ್ನು ಹೇಳುತ್ತದೆ. ಲೋಟಸ್ಸಿನದು ಸಂಖ್ಯೇಯವಾಚಕ, ಅದು ಸಾಲಿನಲ್ಲಿ ಕಾರಿನ ಸ್ಥಾನವನ್ನು ಹೇಳುತ್ತದೆ. ಚಾಪ್‌ಮನ್ ತನ್ನ ಕಾರುಗಳನ್ನು ಮಾರ್ಕ್ 1, ಮಾರ್ಕ್ 2 ಎಂದು ಸಾಲಾಗಿ ಎಣಿಸುತ್ತಿದ್ದ. ಗ್ರಾಹಕರು ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಂಡು ಪಂದ್ಯಕ್ಕೆ ಇಳಿಯಬಹುದಾಗಿದ್ದ ಮಾರ್ಕ್ 6 ಕಾರು 1952ರಲ್ಲಿ ಬಂದು ಲೋಟಸ್ಸಿಗೆ ಹೆಸರು ತಂದುಕೊಟ್ಟಿತು. ಅದರ ಬೆನ್ನಿಗೆ ಬಂದದ್ದು ಮಾತ್ರ ಏಳಲ್ಲ. 1954ರಲ್ಲಿ ಎಂಟು, 1955ರಲ್ಲಿ ಒಂಬತ್ತು ಮತ್ತು ಹತ್ತು, 1956ರಲ್ಲಿ ಹನ್ನೊಂದು ಬಂದವು. ಏಳನೆಯ ಸ್ಥಾನ ಅಷ್ಟೂ ಕಾಲ ಖಾಲಿಯಾಗಿಯೇ ಉಳಿಯಿತು. ಗಾಳಿಯನ್ನು ಸೀಳಲೆಂದು ನುಣುಪಾದ ಮೈ ಹೊದ್ದ ಆ ಪಂದ್ಯದ ಕಾರುಗಳಿಗಿಂತ ಸರಳವಾದ, ಅಗ್ಗದ, ಮಾರ್ಕ್ 6ರ ನೇರ ಉತ್ತರಾಧಿಕಾರಿ ಎನ್ನಬಹುದಾದ ಕಾರು 1957ರಲ್ಲಿ ಸಿದ್ಧವಾದಾಗ, ಆರರ ಪಕ್ಕದ ಆ ಖಾಲಿ ಜಾಗವನ್ನು ಅದಕ್ಕೆ ಕೊಡಲಾಯಿತು. ಹನ್ನೊಂದರ ನಂತರ ಹುಟ್ಟಿದರೂ ಅದು ಏಳನೆಯದು. ಹೀಗಾಗಿ ‘ಸೆವೆನ್’ ಎಂಬುದು ಹುಟ್ಟಿನ ಕ್ರಮವನ್ನು ಹೇಳುವ ಹೆಸರಲ್ಲ, ವಂಶವನ್ನು ಹೇಳುವ ಹೆಸರು.

ಈ ವಂಶದ ಲಕ್ಷಣಗಳು ಸ್ಪಷ್ಟವಾಗಿವೆ. ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಮುಂದೆ ಎಂಜಿನ್, ಬಲ ಹಿಂದಿನ ಗಾಲಿಗಳಿಗೆ, ಚಾಲಕನ ಬೆನ್ನು ಬಹುತೇಕ ಹಿಂದಿನ ಅಚ್ಚಿನ ಮೇಲೆ. ಮೊದಲ ಸರಣಿಯಲ್ಲಿದ್ದದ್ದು ಫೋರ್ಡಿನ 1172 ಸಿ.ಸಿ. ಎಂಜಿನ್; ಅದು ಕೊಡುತ್ತಿದ್ದ ಬಲ ಸುಮಾರು 40 ಅಶ್ವಶಕ್ತಿ. ಆದರೆ ಕಾರಿನ ತೂಕ ಅರ್ಧ ಟನ್ನಿಗಿಂತ ಸಾಕಷ್ಟು ಕಡಿಮೆ ಇದ್ದುದರಿಂದ ಅಷ್ಟು ಬಲವೇ ಸಾಕಾಗುತ್ತಿತ್ತು. ಬಲ ಹೆಚ್ಚಿಸಿದರೆ ಲಾಭ ಸಿಗುವುದು ವೇಗ ಏರುವಾಗ ಮಾತ್ರ. ತೂಕ ಇಳಿಸಿದರೆ ವೇಗ ಏರುವಾಗಲೂ, ಬ್ರೇಕು ಒತ್ತುವಾಗಲೂ, ತಿರುವಿನಲ್ಲಿಯೂ ಲಾಭ ಸಿಗುತ್ತದೆ. ವಾರದ ಕೊನೆಗೆ ಅದೇ ಕಾರನ್ನು ಓಡಿಸಿಕೊಂಡು ಟ್ರ್ಯಾಕಿಗೆ ಹೋಗಿ, ಪಂದ್ಯ ಮುಗಿಸಿ, ಅದರಲ್ಲೇ ಮನೆಗೆ ಮರಳುವವರಿಗಾಗಿ ಕಟ್ಟಿದ ಕಾರು ಅದು.

ಇನ್ನು ‘ನಕಲು’ ಎಂಬ ಮಾತು. ಈ ತಪ್ಪಿಗೆ ಮೂಲ ‘ಕಿಟ್’ (ಕೊಂಡವರೇ ಜೋಡಿಸಿಕೊಳ್ಳಬೇಕಾದ ಬಿಡಿಭಾಗಗಳ ಕಟ್ಟು) ಎಂಬ ಪದದ ಬಗೆಗಿನ ತಾತ್ಸಾರವೆಂದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ ಆಗ ಸಿದ್ಧ ಕಾರುಗಳ ಮೇಲೆ ಪರ್ಚೇಸ್ ಟ್ಯಾಕ್ಸ್ ಎಂಬ ಭಾರವಾದ ತೆರಿಗೆ ಇತ್ತು. ಬಿಡಿಭಾಗಗಳನ್ನು ಕೊಂಡು ಮಾಲೀಕನೇ ಜೋಡಿಸಿಕೊಂಡರೆ ಅದು ಬೀಳುತ್ತಿರಲಿಲ್ಲ. ಜೋಡಿಸುವ ಕ್ರಮವನ್ನು ತಯಾರಕರು ಬರೆದುಕೊಡುವಂತಿಲ್ಲ ಎಂಬ ಷರತ್ತಿದ್ದುದರಿಂದ, ಲೋಟಸ್ ಬಿಚ್ಚುವ ಕ್ರಮವನ್ನು ಬರೆದುಕೊಟ್ಟು ಕೊನೆಯಿಂದ ಮೊದಲಿಗೆ ಓದಿಕೊಳ್ಳಲು ಬಿಟ್ಟಿತೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಅಂದರೆ ಕಿಟ್ ಎಂಬುದು ಮಾರಾಟದ ವಿಧಾನ. ಅಸಲಿಯೋ ನಕಲಿಯೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಸಲಿ ಲೋಟಸ್ ಸೆವೆನ್‌ಗಳೇ ಕಿಟ್ಟಾಗಿ ಮಾರಾಟವಾಗುತ್ತಿದ್ದವು.

1973ರ ಏಪ್ರಿಲ್‌ನಲ್ಲಿ ಪರ್ಚೇಸ್ ಟ್ಯಾಕ್ಸಿನ ಜಾಗಕ್ಕೆ ವ್ಯಾಟ್ ಬಂದಾಗ ಕಿಟ್ಟಿನ ಆ ಲಾಭ ಹೋಯಿತು. ದುಬಾರಿ ಕಾರುಗಳತ್ತ ಹೊರಳುತ್ತಿದ್ದ ಲೋಟಸ್ ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕನ್ನು, ಸರ್ರೆ ಪ್ರಾಂತ್ಯದ ಕೇಟರ್‌ಹ್ಯಾಮ್ ಊರಿನಲ್ಲಿ ಆ ಕಾರನ್ನು ಮಾರುತ್ತಿದ್ದ ಗ್ರಹಾಂ ನಿಯರ್ನ್ ಅವರ ಸಂಸ್ಥೆಗೆ ಮಾರಿತು. ಆಗ ತಯಾರಾಗುತ್ತಿದ್ದ ನಾಲ್ಕನೆಯ ಸರಣಿ ಫೈಬರ್‌ಗ್ಲಾಸ್ ಮೈಯದಾಗಿದ್ದು, ಮೂಲ ರೂಪದಿಂದ ದೂರ ಸರಿದಿತ್ತು. ಕೇಟರ್‌ಹ್ಯಾಮ್ ಕೆಲಕಾಲ ಅದನ್ನೇ ಕಟ್ಟಿ, 1974ರಲ್ಲಿ ಅಲ್ಯೂಮಿನಿಯಂ ತಗಡಿನ ಮೂರನೆಯ ಸರಣಿಗೆ ಮರಳಿತು. ಇಂದಿನ ಕೇಟರ್‌ಹ್ಯಾಮ್ ಸೆವೆನ್‌ಗಳು ಆ ಮೂರನೆಯ ಸರಣಿಯಿಂದ ಬೆಳೆದು ಬಂದವು. ನಮ್ಮಲ್ಲಿ ದತ್ತು ಹೋದ ಮಗನನ್ನು ವಾರಸುದಾರ ಎನ್ನುತ್ತೇವೆಯೇ ಹೊರತು ವೇಷಧಾರಿ ಎನ್ನುವುದಿಲ್ಲ. ಇಲ್ಲಿಯಂತೂ ಮನೆತನದ ಚಹರೆಯನ್ನು ಹುಟ್ಟಿದ ಮನೆ ಮರೆಯುತ್ತಿದ್ದಾಗ ದತ್ತು ಹೋದ ಮನೆ ಉಳಿಸಿಕೊಂಡಿತು.

‘ಸೆವೆನ್ ಮಾದರಿ’ ಎಂಬ ಮಾತನ್ನು ಉಳಿದವರಿಗೆ ಮೀಸಲಿಡಬೇಕು. ಬ್ರಿಟನ್ನಿನ ಇನ್ನೊಂದು ಸಂಸ್ಥೆ ವೆಸ್ಟ್‌ಫೀಲ್ಡ್ ಅಂಥದು, 1980ರ ದಶಕದಲ್ಲಿ ಕೇಟರ್‌ಹ್ಯಾಮ್‌ನೊಂದಿಗಿನ ವ್ಯಾಜ್ಯದ ನಂತರ ಅದು ತನ್ನ ವಿನ್ಯಾಸವನ್ನು ಬದಲಿಸಿಕೊಂಡಿತು. 1978ರಲ್ಲಿ ಆರಂಭವಾದ ನೆದರ್ಲೆಂಡ್ಸಿನ ಡೊಂಕರ್‌ವೂರ್ಟ್ ಕೂಡ ಅದೇ ಅಚ್ಚಿನಿಂದ ಹೊರಟು ತನ್ನದೇ ದಾರಿ ಹಿಡಿಯಿತು. ಏರಿಯಲ್ ಆಟಮ್ ಕಾರನ್ನೂ ಕೆಲವರು ಈ ಗುಂಪಿಗೆ ಸೇರಿಸುತ್ತಾರೆ. ಅದು ಹಗುರ, ಬ್ರಿಟಿಷ್, ಟ್ರ್ಯಾಕಿಗೆ ಹೇಳಿ ಮಾಡಿಸಿದ್ದು ಎಂಬುದೆಲ್ಲ ನಿಜ. ಆದರೆ ಅದರ ಎಂಜಿನ್ ಚಾಲಕನ ಹಿಂದೆ ಇದೆ. ಹಗುರ ಕಾರುಗಳೆಲ್ಲ ಸೆವೆನ್ ಆಗುವುದಾದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ಕೊನೆಯದಾಗಿ 620. ಇತ್ತೀಚಿನ ಕೇಟರ್‌ಹ್ಯಾಮ್‌ಗಳ ಹೆಸರಿನಲ್ಲಿರುವ ಸಂಖ್ಯೆ, ಒಂದು ಟನ್ ತೂಕಕ್ಕೆ ಸುಮಾರು ಎಷ್ಟು ಅಶ್ವಶಕ್ತಿ ದಕ್ಕುತ್ತದೆ ಎಂಬ ಅನುಪಾತ. 620ರ ಎಂಜಿನ್ ಕೊಡುವುದು 310 ಅಶ್ವಶಕ್ತಿ; ಕಾರಿನ ತೂಕ ಅರ್ಧ ಟನ್ನಿನ ಆಸುಪಾಸಿನಲ್ಲಿ ಇರುವುದರಿಂದ ಅಂಕಿ ಇಮ್ಮಡಿಯಾಗಿ ಕಾಣುತ್ತದೆ. 420ರಲ್ಲಿರುವುದು 210 ಅಶ್ವಶಕ್ತಿ, 360ರಲ್ಲಿ 180. ಆಸ್ಟಿನ್ ಸೆವೆನ್ನಿನ ಏಳನ್ನು ಎಂಜಿನ್ನಿನ ನಿಜ ಬಲವೆಂದು ಓದಿದರೆ ಆಗುವಂಥದೇ ತಪ್ಪು ಇಲ್ಲಿಯೂ ಆಗುತ್ತಿದೆ. 2021ರಲ್ಲಿ ಬಂದ ಸೆವೆನ್ 170ರಲ್ಲಿರುವುದು ಸುಜುಕಿಯ 660 ಸಿ.ಸಿ. ಟರ್ಬೊ ಎಂಜಿನ್, ಅದರ ಬಲ 84 ಅಶ್ವಶಕ್ತಿ.