ಕೆಮಿಸ್ಟರ ಸಂಘ ಸೇರಿದರೆ ಲೈಸೆನ್ಸ್ ಸಿಗುತ್ತದೆಯೇ?

ಪ್ರಶ್ನೆ: ಮಗಳು ತೋಳಹುಣಸೆಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದಾಳೆ. ಕೆಮಿಸ್ಟರ ಸಂಘಕ್ಕೆ ಸೇರಿಸಬೇಕೆಂದಿದ್ದೇವೆ. ಮುಂದೆ ಅಂಗಡಿಗೆ ಲೈಸೆನ್ಸ್ ಸಿಗುತ್ತದೆಯೇ?

ಸಿಗುವುದಿಲ್ಲ. ಫಲಿತಾಂಶದ ತಿಂಗಳು ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಈ ಸಲ ವಿವರವಾಗಿಯೇ ಬರೆಯುತ್ತೇನೆ, ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾಲ್ಕು ಹೆಜ್ಜೆಗೊಂದು ಔಷಧದಂಗಡಿ, ಬೋರ್ಡಿನ ಮೇಲೆ 'ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್'. ತಕರಾರೆಲ್ಲ ಹುಟ್ಟಿರುವುದು ಆ ಬೋರ್ಡಿನಿಂದ. ಬ್ರಿಟಿಷರ ನಾಡಿನಲ್ಲಿ ಔಷಧ ಮಾರುವವರಿಗೆ ಇಂದಿಗೂ ಕೆಮಿಸ್ಟ್ ಎಂದೇ ಹೆಸರು. ಅವರು ಹೋದರು, ಬೋರ್ಡು ಉಳಿಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಗಾಜು ಹಾಕಿಸಿ ತೂಗುಹಾಕಿರುತ್ತಾರಲ್ಲ, ಅದು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ಪರವಾನಗಿ. ಮಾತ್ರೆ ಕೊಡುವವರ ನೋಂದಣಿ 1948ರ ಫಾರ್ಮಸಿ ಕಾಯ್ದೆಯದು, ಅದಕ್ಕೆ ಫಾರ್ಮಸಿ ಓದಿರಬೇಕು. ನಿಮ್ಮ ಮಗಳು ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮುಗಿಸಿದರೂ ಆ ಕೌಂಟರಿನಲ್ಲಿ ನಿಂತು ಚೀಟಿ ಓದಿ ಔಷಧ ಕೊಡುವಂತಿಲ್ಲ. ಮದುವೆ ಮನೆಯಲ್ಲಿ ಅವಳನ್ನು ತಲೆನೋವಿಗೆ ಯಾವ ಮಾತ್ರೆ ಎಂದು ಕೇಳುವುದನ್ನೂ ನಿಲ್ಲಿಸಿ.

ಹಾಗಾದರೆ ಅವಳು ಏನು ಮಾಡುತ್ತಾಳೆ? ಮೊಳಕಾಲ್ಮೂರಿನ ಕಡೆಯ ಕೊಳವೆಬಾವಿಯ ನೀರನ್ನೇ ತೆಗೆದುಕೊಳ್ಳಿ. ಜಿರ್ಕೋನಿಯಂ ಸೇರಿದ ಕೆಂಪು ದ್ರಾವಣಕ್ಕೆ ಆ ನೀರನ್ನು ಬೆರೆಸುತ್ತಾರೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಬಣ್ಣದ ಕೈಯಿಂದ ಜಿರ್ಕೋನಿಯಂ ಕಿತ್ತುಕೊಳ್ಳುತ್ತದೆ, ಕೆಂಪು ಪೇಲವವಾಗುತ್ತದೆ. ಎಷ್ಟು ಪೇಲವ ಎಂದು ಅಳೆದರೆ ಲೆಕ್ಕ ಸಿಕ್ಕಿತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಇದು ಕೆಮಿಸ್ಟರ ಕೆಲಸ.

ಇಂಥ ವಿಧಾನವನ್ನು ಒಬ್ಬರು ಕಂಡುಹಿಡಿದರೆ ಸಾಲದು, ಅದು ಅಚ್ಚಾಗಬೇಕು, ಇನ್ನೊಬ್ಬರು ಮಾಡಿ ನೋಡಿ ತಪ್ಪು ಹುಡುಕಬೇಕು. ಸಂಘಗಳು ಹುಟ್ಟಿದ್ದು ಅದಕ್ಕೆ: ಲಂಡನ್ನಿನಲ್ಲಿ 1841ರಲ್ಲಿ, ಅಮೆರಿಕದಲ್ಲಿ 1876ರಲ್ಲಿ, ಕಲ್ಕತ್ತೆಯಲ್ಲಿ 1924ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ, ಬೆಂಗಳೂರಿನಲ್ಲಿ 1999ರಲ್ಲಿ ಕೆಮಿಕಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ. ಪತ್ರಿಕೆ, ಸಮ್ಮೇಳನ, ಪ್ರಶಸ್ತಿ ಇವುಗಳ ಕಸುಬು. ಸದಸ್ಯತ್ವ ಕೆಲಸ ಕೊಡಿಸುವುದಿಲ್ಲ. ಕೆಲಸ ಕೊಡಬಲ್ಲವರ ಎದುರು ಅವಳು ತನ್ನ ಪೋಸ್ಟರ್ ಹಿಡಿದು ನಿಲ್ಲುವಂತೆ ಮಾಡೀತು. ಸೇರಿಸಿ.

ನಿಮ್ಮ ಗೊಂದಲಕ್ಕೆ ಒಂದು ಸಮಾಧಾನವೂ ಇದೆ. ಕಲ್ಕತ್ತೆಯ ಆ ಸಂಘದ ಮೊದಲ ಅಧ್ಯಕ್ಷ ಪ್ರಫುಲ್ಲಚಂದ್ರ ರಾಯ್ ಬೆಂಗಾಲ್ ಕೆಮಿಕಲ್ಸ್ ಕಟ್ಟಿ ಔಷಧವನ್ನೂ ತಯಾರಿಸಿದವರೇ!

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಯಾರೂ ಕೇಳಿಲ್ಲವಾದರೂ. ನಾವು ದಿನವೂ ಬಳಸುವ 'ಆಮ್ಲಜನಕ' ಕೂಡ ತಪ್ಪು ಬೋರ್ಡೇ. ಆಮ್ಲಗಳೆಲ್ಲ ಆ ಅನಿಲದಿಂದಲೇ ಹುಟ್ಟುತ್ತವೆಂದು ಫ್ರಾನ್ಸಿನ ವಿಜ್ಞಾನಿ ಲಾವೋಸಿಯರ್ ನಂಬಿದ್ದ, ನಾವು ಅವನ ನಂಬಿಕೆಯನ್ನು ಕನ್ನಡಕ್ಕೆ ತಂದುಕೊಂಡೆವು. ಬಚ್ಚಲು ತೊಳೆಯುವ ಆಸಿಡ್ ಇದೆಯಲ್ಲ, ಆ ಹೈಡ್ರೋಕ್ಲೋರಿಕ್ ಆಮ್ಲದ ಅಣುವಿನಲ್ಲಿರುವುದು ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ. ಹೆಸರಿಡುವ ಅಂತರರಾಷ್ಟ್ರೀಯ ಒಕ್ಕೂಟ 1919ರಿಂದ ಇದೆ, 2016ರಲ್ಲಿ ನಾಲ್ಕು ಹೊಸ ಧಾತುಗಳಿಗೆ ನಾಮಕರಣವನ್ನೂ ಮಾಡಿತು. ಇದರ ತಂಟೆಗೆ ಮಾತ್ರ ಹೋಗಿಲ್ಲ. ಮಕ್ಕಳು ಪರೀಕ್ಷೆಯಲ್ಲಿ ಆಮ್ಲಜನಕ ಎಂದೇ ಬರೆಯಲಿ, ಅಂಕ ಹೋದರೆ ನನ್ನನ್ನು ಕೇಳಬೇಡಿ.