ಹಗುರ ಬಾಕ್ಸರನ ನೀರಿನ ಲೆಕ್ಕ

ವೃತ್ತಿಪರ ಬಾಕ್ಸಿಂಗ್‌ನ ತೂಕಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬಂದರೆ ಮೆಟ್ಟಿಲುಗಳು ಕಿರಿದಾಗುತ್ತ ಹೋಗುತ್ತವೆ. ಕ್ರೂಸರ್‌ವೇಟ್‌ನ ಮಿತಿ 200 ಪೌಂಡ್, ಅದರ ಕೆಳಗಿನ ಲೈಟ್ ಹೆವಿವೇಟ್‌ನದು 175. ನಡುವೆ 11 ಕಿಲೋಗೂ ಹೆಚ್ಚು ಅಂತರ. ತಳದಲ್ಲಿ ಮಿನಿಮಮ್‌ವೇಟ್ 105 ಪೌಂಡ್, ಲೈಟ್ ಫ್ಲೈವೇಟ್ 108, ಫ್ಲೈವೇಟ್ 112, ಸೂಪರ್ ಫ್ಲೈವೇಟ್ 115, ಬ್ಯಾಂಟಮ್‌ವೇಟ್ 118. ಮೂರು ಪೌಂಡ್ ಎಂದರೆ 1.36 ಕಿಲೋ. ಅಷ್ಟು ನೀರನ್ನು ಬೆವರಿನಲ್ಲಿ ಕಳೆದುಕೊಂಡು ಮತ್ತೆ ಕುಡಿದು ತುಂಬಿಸಿಕೊಳ್ಳಲು ಒಂದು ದಿನ ಸಾಕು. ಹಾಗಾಗಿ ಹಗುರ ತೂಕದ ಬಾಕ್ಸರನ ವೃತ್ತಿ ಎತ್ತ ಸಾಗುತ್ತದೆ ಎಂಬುದರಲ್ಲಿ ಅವನ ಪಂಚಿಗೆ ಎಷ್ಟು ಪಾಲೋ ಅವನ ಮೈಯ ನೀರಿಗೂ ಅಷ್ಟೇ ಪಾಲು.

ಜಪಾನಿನ ನವೋಯ ಇನೋವೆ ಇದಕ್ಕೆ ಒಳ್ಳೆಯ ಉದಾಹರಣೆ. 1993ರಲ್ಲಿ ಹುಟ್ಟಿದ, 165 ಸೆಂಟಿಮೀಟರ್ ಎತ್ತರದ ಇವರು 2012ರ ಅಕ್ಟೋಬರ್‌ನಲ್ಲಿ ವೃತ್ತಿಪರರಾದರು. 2014ರ ಏಪ್ರಿಲ್‌ನಲ್ಲಿ, ಆರನೆಯ ಪಂದ್ಯದಲ್ಲೇ, ಮೆಕ್ಸಿಕೋದ ಆಡ್ರಿಯನ್ ಹೆರ್ನಾಂಡೆಸ್‌ರನ್ನು ಆರನೆಯ ಸುತ್ತಿನಲ್ಲಿ ಮಣಿಸಿ ಲೈಟ್ ಫ್ಲೈವೇಟ್ ವಿಶ್ವ ಪ್ರಶಸ್ತಿ ಗೆದ್ದರು. ಆದರೆ 48.99 ಕಿಲೋಗೆ ಇಳಿಯಲು ಪಟ್ಟ ಪಾಡಿನಿಂದ ಆ ಪಂದ್ಯದ ನಡುವೆ ಅವರ ಕಾಲು ಹಿಡಿದುಕೊಂಡಿತ್ತು. ಒಂದೇ ಸಲ ಪ್ರಶಸ್ತಿ ಉಳಿಸಿಕೊಂಡು ಆ ವರ್ಗವನ್ನು ಬಿಟ್ಟರು. ಫ್ಲೈವೇಟನ್ನು ದಾಟಿ ನೇರ ಸೂಪರ್ ಫ್ಲೈವೇಟಿಗೆ, 52.16 ಕಿಲೋಗೆ ಏರಿದರು. ಅದೇ ಡಿಸೆಂಬರ್ 30ರಂದು ಎದುರಿಗಿದ್ದವರು ಅರ್ಜೆಂಟೀನಾದ ಒಮರ್ ನಾರ್ವಾಯೆಸ್. ಅದುವರೆಗೆ ಅವರನ್ನು ಯಾರೂ ನಾಕೌಟ್ ಮಾಡಿರಲಿಲ್ಲ. ಇನೋವೆ ಎರಡು ಸುತ್ತಿನೊಳಗೆ ನಾಲ್ಕು ಸಲ ಕೆಡವಿ ಪಂದ್ಯ ಮುಗಿಸಿದರು. ಎಂಟು ತಿಂಗಳಲ್ಲಿ ಆ ಕೈಗೆ ಹೊಸ ಬಲ ಬಂದಿರಲಾರದು. ಮೂರು ಕಿಲೋ ಹಿಂಡಿ ಒಣಗಿಸುವ ಕೆಲಸ ಮೈಗೆ ತಪ್ಪಿದ್ದೇ ದೊಡ್ಡ ಬದಲಾವಣೆ ಎಂದು ನಾನು ಓದುತ್ತೇನೆ.

ತೂಕ ಇಳಿಸುವುದು ಎನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳು ಅಡಗಿವೆ. ಎಂದಿನ ದಿನಗಳಲ್ಲಿ 59 ಕಿಲೋ ತೂಗುವ ಒಬ್ಬ ಬ್ಯಾಂಟಮ್‌ವೇಟ್ ಬಾಕ್ಸರನನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಅವನು ತಲುಪಬೇಕಾದದ್ದು 53.52. ಕಳೆಯಬೇಕಾದದ್ದು ಐದೂವರೆ ಕಿಲೋ, ದೇಹದ ಶೇ. 9ಕ್ಕೂ ಹೆಚ್ಚು.

ಮೊದಲ ಎರಡೂವರೆ ಕಿಲೋ ಕೊಬ್ಬಿನಿಂದ ಬರಬೇಕು. ಅದಕ್ಕೆ ಆರರಿಂದ ಎಂಟು ವಾರ ಬೇಕು. ವಾರಕ್ಕೆ ದೇಹತೂಕದ ಶೇ. 1ಕ್ಕಿಂತ ವೇಗವಾಗಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯಲು ದೇಹದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 2 ಗ್ರಾಂ ಪ್ರೋಟೀನ್ ಬೇಕು. ಈ ಹಂತದಲ್ಲಿ ಸೋಮಾರಿತನ ಮಾಡಿದವನು ಕೊನೆಯ ವಾರದಲ್ಲಿ ಅದರ ಬೆಲೆಯನ್ನು ನೀರಿನಲ್ಲಿ ತೆರುತ್ತಾನೆ. ಹೆಚ್ಚಿನ ಅನಾಹುತಗಳ ಬೇರು ಇಲ್ಲೇ ಇದೆ.

ಎರಡನೆಯದು ಗ್ಲೈಕೊಜೆನ್. ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಪಿಷ್ಟದಂತೆ ಕೂಡಿಟ್ಟ ಸಕ್ಕರೆ ಇದು. ಇದರ ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊನೆಯ ನಾಲ್ಕೈದು ದಿನ ಅನ್ನ, ಬ್ರೆಡ್, ಸಿಹಿ ಎಲ್ಲ ಬಿಟ್ಟು ಪಿಷ್ಟಾಂಶವನ್ನು ದಿನಕ್ಕೆ 50 ಗ್ರಾಂಗೆ ಇಳಿಸಿದರೆ ಕಾಲು ಕಿಲೋ ಗ್ಲೈಕೊಜೆನ್ ಖಾಲಿಯಾಗುತ್ತದೆ, ಜೊತೆಗೆ ಮುಕ್ಕಾಲು ಲೀಟರ್ ನೀರೂ ಹೊರಟುಹೋಗುತ್ತದೆ. ಬೆವರದೆಯೇ ಒಂದು ಕಿಲೋ ಇಳಿಯಿತು. ಮೂರನೆಯದು ಕರುಳು. ಸೊಪ್ಪು, ಕಾಳು, ಸಿಪ್ಪೆಸಹಿತ ಹಣ್ಣು ಬಿಟ್ಟು ನಾರಿನಂಶವನ್ನು ದಿನಕ್ಕೆ 10 ಗ್ರಾಂಗಿಂತ ಕೆಳಗಿಟ್ಟರೆ ಕರುಳಿನಲ್ಲಿ ಉಳಿಯುವ ಸರಕು ಕಡಿಮೆಯಾಗುತ್ತದೆ. ಇನ್ನರ್ಧ ಕಿಲೋ. ದೇಹದ ಕಸುವಿಗೆ ಇದರಿಂದ ಏನೂ ನಷ್ಟವಿಲ್ಲ. ನಾಲ್ಕು ದಾರಿಗಳಲ್ಲಿ ಅತ್ಯಂತ ನಿರಪಾಯದ ದಾರಿ ಇದೇ, ಆದರೂ ಬಹಳ ಜನ ಇದನ್ನು ಮರೆಯುತ್ತಾರೆ.

ಉಳಿದ ಒಂದೂವರೆ ಕಿಲೋ ನೇರವಾಗಿ ನೀರು. ಕೆಲವರು ಮೂರು ದಿನ ಪ್ರತಿ ಕಿಲೋ ದೇಹತೂಕಕ್ಕೆ 100 ಮಿಲಿಲೀಟರಿನಂತೆ ನೀರು ಕುಡಿದು, ನಾಲ್ಕನೆಯ ದಿನ ಅದನ್ನು 15 ಮಿಲಿಲೀಟರಿಗೆ ಇಳಿಸುತ್ತಾರೆ. ಹೆಚ್ಚು ಮೂತ್ರ ಹೊರಹಾಕುವ ರೂಢಿಗೆ ಬಿದ್ದ ಮೂತ್ರಪಿಂಡಗಳು ಕುಡಿಯುವುದು ನಿಂತ ಮೇಲೂ ಸ್ವಲ್ಪ ಹೊತ್ತು ಅದೇ ಭರದಲ್ಲಿ ಕೆಲಸ ಮಾಡುತ್ತವೆ. ಈ ವಿಧಾನದಲ್ಲಿ ತಪ್ಪುವುದು ಉಪ್ಪಿನ ಲೆಕ್ಕ. ಅಷ್ಟೊಂದು ನೀರನ್ನು ಸ್ವಲ್ಪವೂ ಉಪ್ಪಿಲ್ಲದೆ, ಗಟಗಟನೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಮಿದುಳು ಊದಿಕೊಳ್ಳಬಹುದು. ಕೊನೆಗೆ ಬರುವುದು ಬಿಸಿನೀರಿನ ತೊಟ್ಟಿ, ಸೌನಾ ಎಂಬ ಬಿಸಿಕೋಣೆ ಮತ್ತು ಗಾಳಿಯಾಡದ ಬೆವರುಡುಪು. ಆ ಉಡುಪು ಹಾಕಿಕೊಂಡು ಓಡುವುದೇ ಇವುಗಳಲ್ಲೆಲ್ಲ ಅಪಾಯಕಾರಿ. ಬೆವರು ಆವಿಯಾದರಷ್ಟೇ ಮೈ ತಣಿಯುತ್ತದೆ. ಉಡುಪಿನೊಳಗೆ ಅದು ಹನಿಯಾಗಿ ಇಳಿಯುತ್ತದೆಯೇ ಹೊರತು ಆವಿಯಾಗುವುದಿಲ್ಲ. ದೇಹ ಇನ್ನಷ್ಟು ಬೆವರುತ್ತದೆ, ಒಳಗಿನ ಉಷ್ಣ ಏರುತ್ತಲೇ ಹೋಗುತ್ತದೆ, ಬೆವರಲು ನೀರೇ ಇಲ್ಲದಾದಾಗ ಶಾಖಾಘಾತ. ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಉದ್ದೀಪನ ಮದ್ದು ತಡೆ ನಿಯಮಗಳು ಪೂರ್ತಿ ನಿಷೇಧಿಸಿವೆ.

ನೀರು ಹೋಗುವುದು ಎಲ್ಲಿಂದ? ರಕ್ತದಿಂದಲೂ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಡಿಮೆಯಾದಾಗ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ಇಳಿಯುತ್ತದೆ. ಆ ಕೊರತೆ ತುಂಬಲು ಅದು ಹೆಚ್ಚು ಸಲ ಬಡಿಯಬೇಕು. ಒಂದೇ ಒಂದು ಪಂಚಿನ ಬಲದಲ್ಲಿ ಇದು ಅಷ್ಟಾಗಿ ಕಾಣದು. ಆದರೆ ಮೂರು ನಿಮಿಷದ ಹನ್ನೆರಡು ಸುತ್ತುಗಳಲ್ಲಿ ಮತ್ತೆ ಮತ್ತೆ ಅದೇ ಬಲದಲ್ಲಿ ಹೊಡೆಯಲು ಹೊರಟಾಗ ಎದ್ದು ಕಾಣುತ್ತದೆ. ಜಿಮ್‌ನಲ್ಲಿ ಚೀಲಕ್ಕೆ ನಾಲ್ಕು ಏಟು ಕೊಟ್ಟು ಕಸುವು ಹಾಗೇ ಇದೆ ಎಂದು ನಂಬಿದವನು ಎಂಟನೆಯ ಸುತ್ತಿನಲ್ಲಿ ಕಾಲೆತ್ತಲಾರದೆ ನಿಲ್ಲುವುದು ಇದರಿಂದಲೇ.

ವೃತ್ತಿಪರರ ತೂಕ ನೋಡುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ತಕ್ಕಡಿಯಿಂದ ಇಳಿದ ಗಳಿಗೆಯಿಂದ ಲೆಕ್ಕ ತಿರುಗುಮುರುಗಾಗುತ್ತದೆ. ಕಳೆದ ಪ್ರತಿ ಲೀಟರಿಗೆ ಒಂದೂವರೆ ಲೀಟರ್ ದ್ರವ ಬೇಕು, ಏಕೆಂದರೆ ಕುಡಿದದ್ದರಲ್ಲಿ ಒಂದು ಪಾಲು ಮೂತ್ರವಾಗಿ ಹೋಗುತ್ತದೆ. ಬರೀ ನೀರು ಕುಡಿದರೆ ರಕ್ತ ತೆಳುವಾಗಿ ಬಾಯಾರಿಕೆ ಬೇಗ ತಣಿಯುತ್ತದೆ, ಮೂತ್ರವೂ ಬೇಗ ಬರುತ್ತದೆ, ಕಳೆದ ನೀರು ಮಾತ್ರ ಪೂರ್ತಿ ಮರಳುವುದಿಲ್ಲ. ಬೇಧಿಯಾದ ಮಗುವಿಗೆ ನಮ್ಮ ಮನೆಗಳಲ್ಲಿ ಕೊಡುವ ಓಆರ್‌ಎಸ್ ಇಲ್ಲಿಯೂ ಸರಿಯಾದ ಮದ್ದು. ಒಂದು ಲೀಟರ್ ನೀರಿನಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಮೊದಲಿಗೆ ಒಮ್ಮೆ 600ರಿಂದ 900 ಮಿಲಿಲೀಟರ್, ಆಮೇಲೆ ಸ್ವಲ್ಪ ಸ್ವಲ್ಪವಾಗಿ. ಊಟಕ್ಕೆ ಎಣ್ಣೆ, ನಾರು ಕಡಿಮೆಯಿರುವ ಬಿಳಿ ಅನ್ನದಂಥದ್ದು ಒಳ್ಳೆಯದು. ವಾರದ ಹಸಿವಿನಲ್ಲಿ ಕರಿದ ಮಾಂಸಕ್ಕೆ ಕೈಹಾಕಿದವನಿಗೆ ಹೊಟ್ಟೆ ಕೆಡುತ್ತದೆ, ಗ್ಲೈಕೊಜೆನ್ ತುಂಬುವುದಿಲ್ಲ.

ಈ ಮರುತುಂಬುವಿಕೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇನೋವೆಯ ಎದುರಾಳಿಯೇ ಸಾಕ್ಷಿ. 2018ರ ಮೇ 25ರಂದು ಬ್ಯಾಂಟಮ್‌ವೇಟ್‌ನಲ್ಲಿ ಎದುರಾದ ಇಂಗ್ಲೆಂಡಿನ ಜೇಮಿ ಮೆಕ್‌ಡೊನೆಲ್ ಆ ವರ್ಗಕ್ಕೆ ತೀರ ಎತ್ತರದ ಆಳು. ತಕ್ಕಡಿಯ ಮೇಲೆ ಕೆನ್ನೆ ಬತ್ತಿ, ಕಣ್ಣು ಗುಳಿಬಿದ್ದು ನಿಂತವರು ಮರುದಿನಕ್ಕೆ ಸುಮಾರು 12 ಕಿಲೋ ಏರಿ ಬಂದಿದ್ದರು. ಪಂದ್ಯ 112 ಸೆಕೆಂಡಿನಲ್ಲಿ ಮುಗಿಯಿತು. ತೂಕ ಮರಳಿ ಬಂದಿತ್ತು, ಚೇತರಿಕೆ ಬಂದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ಇದೆ. ಅದೇ ವರ್ಷದ ಮಾರ್ಚ್‌ನಲ್ಲಿ ಮೆಕ್ಸಿಕೋದ ಲೂಯಿಸ್ ನೆರಿ ಟೋಕಿಯೋದಲ್ಲಿ ಶಿನ್‌ಸುಕೆ ಯಮನಾಕಾ ಎದುರು ಬ್ಯಾಂಟಮ್‌ವೇಟ್ ಪ್ರಶಸ್ತಿ ಉಳಿಸಿಕೊಳ್ಳಬೇಕಿತ್ತು. ಮೊದಲ ಸಲ 5 ಪೌಂಡ್ ಹೆಚ್ಚಿದ್ದರು, ಕಾಲಾವಕಾಶ ಕೊಟ್ಟ ಮೇಲೂ 3 ಪೌಂಡ್ ಹೆಚ್ಚೇ ಉಳಿದರು. ಪ್ರಶಸ್ತಿ ತಕ್ಕಡಿಯ ಮೇಲೆಯೇ ಹೋಯಿತು, ಆದರೂ ಪಂದ್ಯ ನಡೆಯಿತು. ನಿಯಮದಂತೆ ಒಣಗಿದ್ದ ಯಮನಾಕಾ ಎರಡನೆಯ ಸುತ್ತಿನಲ್ಲಿ ಸೋತರು. ಜಪಾನಿನ ಬಾಕ್ಸಿಂಗ್ ಆಯೋಗ ನೆರಿಯನ್ನು ಹೊರಗಿಟ್ಟದ್ದು ಸರಿಯಾಗಿಯೇ ಇತ್ತು. ಪಂದ್ಯ ನಡೆಯಲು ಬಿಟ್ಟದ್ದು ಸರಿಯಿರಲಿಲ್ಲ.

ಇಂಥದ್ದಕ್ಕೆ ಕಡಿವಾಣ ಹಾಕಲು ಕೆಲವು ನಿಯಮಗಳಿವೆ. ವಿಶ್ವ ಬಾಕ್ಸಿಂಗ್ ಮಂಡಳಿಯ ಪ್ರಶಸ್ತಿ ಪಂದ್ಯಕ್ಕೆ 30 ದಿನ ಮೊದಲು ಬಾಕ್ಸರ್ ಮಿತಿಗಿಂತ ಶೇ. 10, ಏಳು ದಿನ ಮೊದಲು ಶೇ. 5 ಮಾತ್ರ ಹೆಚ್ಚಿರಬಹುದು. ಅಂತರರಾಷ್ಟ್ರೀಯ ಬಾಕ್ಸಿಂಗ್ ಫೆಡರೇಷನ್ ಪ್ರಶಸ್ತಿ ಪಂದ್ಯದ ಬೆಳಿಗ್ಗೆ ಮತ್ತೊಮ್ಮೆ ತೂಗುತ್ತದೆ, ಮಿತಿಯ ಮೇಲೆ 10 ಪೌಂಡ್ ದಾಟುವಂತಿಲ್ಲ. ಆದರೆ ಅದೇ 10 ಪೌಂಡ್ 175ರವನಿಗೆ ಶೇ. 6ಕ್ಕಿಂತ ಕಡಿಮೆ, 105ರವನಿಗೆ ಶೇ. 9ಕ್ಕೂ ಹೆಚ್ಚು. ಹಗುರ ವರ್ಗಗಳಿಗೆ ಈ ನಿಯಮ ಸಡಿಲವಾಯಿತು. ಮಿತಿಯನ್ನು ಶೇಕಡಾ ಲೆಕ್ಕದಲ್ಲೇ ಬರೆಯಬೇಕು.

ಮಿದುಳಿನ ಮಾತು ಇದಕ್ಕಿಂತ ಗಂಭೀರ. ದೇಹ ಒಣಗಿದಾಗ ಮಿದುಳು ತುಸು ಕುಗ್ಗಿ, ಅದನ್ನೂ ಹೊರಪೊರೆಯನ್ನೂ ಜೋಡಿಸುವ ಸಣ್ಣ ರಕ್ತನಾಳಗಳು ಎಳೆದುಕೊಂಡು ನಿಲ್ಲುತ್ತವೆ, ಆಗ ಬಿದ್ದ ಏಟಿಗೆ ಅವು ಸುಲಭವಾಗಿ ಹರಿಯುತ್ತವೆ ಎಂಬ ಊಹೆ ವೈದ್ಯರಲ್ಲಿದೆ. ಇನ್ನೂ ಗಟ್ಟಿಯಾಗಿ ಸಾಬೀತಾಗದಿದ್ದರೂ ಕಡೆಗಣಿಸುವಂಥದ್ದಲ್ಲ. 2025ರ ಆಗಸ್ಟ್ 2ರಂದು ಟೋಕಿಯೋದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ಸಂಜೆ ಹೋರಾಡಿದ ಇಬ್ಬರು, ಒಬ್ಬರು ಸೂಪರ್ ಫೆದರ್‌ವೇಟ್, ಇನ್ನೊಬ್ಬರು ಲೈಟ್‌ವೇಟ್, ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಹಾಗಾದರೆ ಮೇಲೆ ಏರುತ್ತಲೇ ಇರಬಹುದೇ? ಇನೋವೆ 2022ರ ಡಿಸೆಂಬರ್‌ನಲ್ಲಿ ನಾಲ್ಕು ಬೇರೆ ಬೇರೆ ಸಂಸ್ಥೆಗಳು ಕೊಡುವ ಬ್ಯಾಂಟಮ್‌ವೇಟ್‌ನ ನಾಲ್ಕೂ ವಿಶ್ವ ಪ್ರಶಸ್ತಿಗಳನ್ನು, ಮರುವರ್ಷದ ಡಿಸೆಂಬರ್‌ನಲ್ಲಿ 122 ಪೌಂಡಿನ ಸೂಪರ್ ಬ್ಯಾಂಟಮ್‌ವೇಟ್‌ನ ನಾಲ್ಕನ್ನೂ ಒಟ್ಟುಗೂಡಿಸಿದರು. ಆದರೆ ವೃತ್ತಿಜೀವನದಲ್ಲಿ ಮೊದಲ ಸಲ ನೆಲಕ್ಕೆ ಬಿದ್ದದ್ದೂ ಈ ವರ್ಗದಲ್ಲೇ. 2024ರ ಮೇ 6ರಂದು ಟೋಕಿಯೋ ಡೋಮ್‌ನಲ್ಲಿ ಅವರನ್ನು ಕೆಡವಿದವರು, ನಿಷೇಧ ಮುಗಿಸಿ ಬಂದಿದ್ದ ಅದೇ ನೆರಿ. ಮರುವರ್ಷ ಲಾಸ್ ವೇಗಸ್‌ನಲ್ಲಿ ರಮೋನ್ ಕಾರ್ಡೆನಾಸ್ ಮತ್ತೊಮ್ಮೆ ಕೆಡವಿದರು. ಎರಡೂ ಸಲ ಇನೋವೆ ಎದ್ದು ನಾಕೌಟ್‌ನಿಂದಲೇ ಗೆದ್ದರು. ತನ್ನ ಮೈಯನ್ನು ಒಣಗಿಸುವ ಹೊರೆ ಇಳಿದಂತೆ ಎದುರಾಳಿಯ ಮೂಳೆ, ತೋಳಿನ ಉದ್ದ, ಏಟಿನ ಹಿಂದಿನ ತೂಕ ಏರುತ್ತ ಬರುತ್ತವೆ. ಮುಂದಿನ ಮೆಟ್ಟಿಲು ಫೆದರ್‌ವೇಟ್, 126 ಪೌಂಡ್. ಇನ್ನೂ 1.81 ಕಿಲೋ.