ಬ್ರೌಸರ್ ಬದಲಿಸಿದರೂ ಬಿಡದ ಪ್ಲಗಿನ್ ಕಾಟ

"ವಿಡಿಯೋ ಇರೋ ಪುಟ ತೆಗೆದ್ರೆ ಸಾಕು, ಬ್ರೌಸರ್ ಮುಚ್ಚಿಹೋಗುತ್ತೆ. ಮೂರು ಸಲ ತೆಗೆದು ಮತ್ತೆ ಹಾಕಿದೆ. ಬೇರೆ ಬ್ರೌಸರ್ ಹಾಕಿದೆ, ಅದೂ ಹಾಗೇ. ವೈರಸ್ ಇರಬೇಕು, ಅಲ್ವಾ?"

ಕಂಪ್ಯೂಟರ್ ಸರಿಪಡಿಸುವ ನನಗೆ ಈ ದೂರು ಹಳೆಯ ಪರಿಚಯ. ವೈರಸ್ ಸಿಗುವುದು ಅಪರೂಪ. ಎರಡು ಬ್ರೌಸರ್‌ಗಳೂ ಒಂದೇ ಪುಟದಲ್ಲಿ ಕ್ರ್ಯಾಶ್ ಆಗಿ ಬೀಳುತ್ತಿವೆ ಎಂದರೆ ನನಗೆ ಸಮಾಧಾನವೇ ಆಗುತ್ತದೆ. ಅರ್ಧ ಕೆಲಸ ಮುಗಿದಂತೆ. ತೊಂದರೆ ಬ್ರೌಸರ್‌ನ ಒಳಗಿಲ್ಲ, ಎರಡೂ ಬಳಸುತ್ತಿರುವ ಇನ್ಯಾವುದೋ ಫೈಲಿನಲ್ಲಿದೆ.

ಈ ಕಾಟ ಶುರುವಾದದ್ದು 1995ರಲ್ಲಿ. ನೆಟ್‌ಸ್ಕೇಪ್ ಬ್ರೌಸರ್ ಪ್ಲಗಿನ್‌ಗಳಿಗೆ, ಅಂದರೆ ವಿಡಿಯೋ ಓಡಿಸುವಂಥ ಕೆಲಸಕ್ಕೆ ಬ್ರೌಸರ್ ಒಳಗೆ ಸೇರಿಕೊಳ್ಳುವ ಹೊರಗಿನವರ ಪ್ರೋಗ್ರಾಮುಗಳಿಗೆ, ಒಂದು ಬಾಗಿಲು ತೆರೆಯಿತು. ಅದರ ಹೆಸರು ಎನ್‌ಪಿಎಪಿಐ. ಫ್ಲ್ಯಾಶ್, ಕ್ವಿಕ್‌ಟೈಮ್, ವಿಂಡೋಸ್ ಮೀಡಿಯಾ ಪ್ಲೇಯರ್ ಎಲ್ಲವೂ ಬಂದದ್ದು ಆ ಬಾಗಿಲಿನಿಂದಲೇ. ವಿಂಡೋಸ್‌ನಲ್ಲಿ ಈ ಪ್ಲಗಿನ್‌ಗಳ ವಿಳಾಸ ರಿಜಿಸ್ಟ್ರಿ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಇರುತ್ತಿತ್ತು. ಫೈರ್‌ಫಾಕ್ಸ್ ಅಲ್ಲಿ ನೋಡುತ್ತಿತ್ತು, ಕ್ರೋಮ್ ಕೂಡ ಅಲ್ಲೇ ನೋಡುತ್ತಿತ್ತು. ಹಾಗಾಗಿ ಬ್ರೌಸರ್ ಬದಲಿಸಿದರೂ ಕೆಟ್ಟ ಪ್ಲಗಿನ್ ಹಿಂದೆಯೇ ಬರುತ್ತಿತ್ತು.

ಪ್ಲಗಿನ್ ಓಡುತ್ತಿದ್ದದ್ದು ಬ್ರೌಸರ್‌ನ ಪ್ರೋಸೆಸ್ ಒಳಗೇ, ಅಂದರೆ ಬ್ರೌಸರ್‌ಗೆಂದು ವಿಂಡೋಸ್ ಕೊಟ್ಟ ಮೆಮೊರಿಯಲ್ಲೇ. ಅದು ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೆ ವಿಂಡೋಸ್ ಇಡೀ ಪ್ರೋಸೆಸ್ಸನ್ನೇ ಮುಗಿಸುತ್ತಿತ್ತು. ತೆರೆದಿಟ್ಟ ಇಪ್ಪತ್ತು ಟ್ಯಾಬ್‌ಗಳೂ ಜೊತೆಗೆ ಹೋಗುತ್ತಿದ್ದವು. 2008ರಲ್ಲಿ ಬಂದ ಕ್ರೋಮ್ ಪ್ಲಗಿನ್‌ಗಳನ್ನು ಬೇರೆ ಪ್ರೋಸೆಸ್‌ನಲ್ಲಿ ಕೂರಿಸಿತು. ಫೈರ್‌ಫಾಕ್ಸ್ ಅದನ್ನು ಮಾಡಿದ್ದು 2010ರ ಜೂನ್‌ನಲ್ಲಿ. ಪ್ಲಗಿನ್ 10 ಸೆಕೆಂಡ್ ಉತ್ತರ ಕೊಡದಿದ್ದರೆ ಅದನ್ನು ಮುಚ್ಚುತ್ತಿತ್ತು. ನಿಧಾನದ ಕಂಪ್ಯೂಟರ್‌ಗಳಲ್ಲಿ ಫ್ಲ್ಯಾಶ್‌ನಲ್ಲಿ ಓಡುವ ಆಟಗಳೆಲ್ಲ ಅರ್ಧಕ್ಕೇ ಸಾಯತೊಡಗಿದವು. ಕೆಲವೇ ದಿನಗಳಲ್ಲಿ ಅದನ್ನು 45 ಸೆಕೆಂಡ್ ಮಾಡಬೇಕಾಯಿತು!

ಕ್ರೋಮ್ 2015ರಲ್ಲಿ ಈ ಬಾಗಿಲು ಮುಚ್ಚಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮುಚ್ಚಿತು. 2020ರ ಕೊನೆಗೆ ಫ್ಲ್ಯಾಶ್ ಕೂಡ ಹೋಯಿತು.

ಆದರೂ ದೂರು ನಿಂತಿಲ್ಲ. ಈಗ ಹೆಚ್ಚಾಗಿ ಸಿಗುವುದು ಗ್ರಾಫಿಕ್ಸ್ ಡ್ರೈವರ್‌ನ ತೊಂದರೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್ ಅದು. ವಿಡಿಯೋ ಕೆಲಸವನ್ನು ಆ ಚಿಪ್ಪಿಗೆ ವಹಿಸುವುದಕ್ಕೆ ಹಾರ್ಡ್‌ವೇರ್ ಆಕ್ಸೆಲರೇಷನ್ ಎನ್ನುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸೆಲರೇಷನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ವಿಡಿಯೋ ಸರಿಯಾಗಿ ಓಡಿದರೆ ಡ್ರೈವರ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಆಫ್ ಮಾಡಿ ಹಾಗೇ ಬಿಟ್ಟುಬಿಡುವವರೇ ಜಾಸ್ತಿ. ಆಮೇಲೆ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬ್ಯಾಟರಿ ನಿಲ್ಲುವುದಿಲ್ಲ ಎಂದು ಇನ್ನೊಂದು ದೂರು ತರುತ್ತಾರೆ.

ದುಡ್ಡು ಕೊಟ್ಟು ನೋಡುವ ಸಿನಿಮಾ ಮಾತ್ರ ಕೆಡುತ್ತದೆ, ಉಳಿದ ವಿಡಿಯೋ ಚೆನ್ನಾಗಿದೆ ಎಂದಾದರೆ ನನ್ನ ಅನುಮಾನ ವೈಡ್‌ವೈನ್ ಮೇಲೆ. ಕದ್ದು ನಕಲು ಮಾಡದಂತೆ ಬೀಗ ಹಾಕಿದ ವಿಡಿಯೋವನ್ನು ಬಿಚ್ಚುವ ತುಂಡು ಅದು. ಫೈರ್‌ಫಾಕ್ಸ್‌ನಲ್ಲಿ ಅದಕ್ಕೆ ನಿಮ್ಮ ಪ್ರೊಫೈಲ್ (ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಇರುವ ಜಾಗ) ಒಳಗೆ ತನ್ನದೇ ಒಂದು ಫೋಲ್ಡರ್ ಇರುತ್ತದೆ. ಬ್ರೌಸರ್ ಮುಚ್ಚಿ ವೈಡ್‌ವೈನ್‌ನ ಆ ಫೋಲ್ಡರ್ ಮಾತ್ರ ಅಳಿಸಿದರೆ ಮುಂದೆ ತಾನೇ ಹೊಸದಾಗಿ ಇಳಿಸಿಕೊಳ್ಳುತ್ತದೆ. ಬ್ರೌಸರ್ ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರೊಫೈಲ್ ಹಾಗೇ ಉಳಿಯುತ್ತದೆ. ಮೂರು ಸಲ ಇನ್‌ಸ್ಟಾಲ್ ಮಾಡಿದ್ದು ಸುಮ್ನೆ ವ್ಯರ್ಥ.

ನಿಜವಾದ ಹಳೇ ಕಾಲದ ಪ್ಲಗಿನ್ ಇನ್ನೂ ಉಳಿದಿರುವುದು ಸಿಸಿಟಿವಿಯಲ್ಲಿ. ಹಳೆಯ ರೆಕಾರ್ಡರ್‌ಗಳ ಚಿತ್ರ ನೋಡಲು ಆಕ್ಟಿವ್‌ಎಕ್ಸ್ ಎಂಬ, ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) ಕಾಲದ ಪ್ಲಗಿನ್ ಬೇಕು. ಅದಕ್ಕೆ ಎಡ್ಜ್ ಬ್ರೌಸರ್ ಹಳೆಯ ಐಇಯಂತೆ ನಡೆದುಕೊಳ್ಳುವ ಐಇ ಮೋಡ್ ಬೇಕು. ಒಂದು ಕಚೇರಿಯಲ್ಲಿ ಇಂಥದ್ದೇ ನೋಡಲು ಹೋಗಿದ್ದೆ. ಕ್ಯಾಮೆರಾ ಪುಟ ತೆರೆದರೆ ಟ್ಯಾಬ್ ಬೀಳುತ್ತಿತ್ತು.

ನಾನು ಮೊದಲು ತೆರೆಯುವುದು ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್. ವಿಂಡೋಸ್ ಲಾಗ್ಸ್‌ನ ಅಪ್ಲಿಕೇಷನ್ ಪಟ್ಟಿಯಲ್ಲಿ ಈವೆಂಟ್ ಐಡಿ 1000 ಹುಡುಕಬೇಕು. ಅದರಲ್ಲಿ 'ಫಾಲ್ಟಿಂಗ್ ಮಾಡ್ಯೂಲ್' ಎಂಬ ಸಾಲಿದೆ. ಬೀಳುವ ಹೊತ್ತಿಗೆ ಯಾವ ಫೈಲಿನ ಕೋಡ್ ಓಡುತ್ತಿತ್ತು ಎಂದು ಅದು ಹೇಳುತ್ತದೆ. ಅಲ್ಲಿ ವಿಂಡೋಸ್‌ನದೇ ಫೈಲಾದ ಎನ್‌ಟಿ-ಡಿಎಲ್‌ಎಲ್ (ntdll.dll) ಎಂದಿದ್ದರೆ ವಿಂಡೋಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬೇರೆಯವರು ಕೆಡಿಸಿಟ್ಟ ಮೆಮೊರಿಯನ್ನು ಮುಟ್ಟಿ ಬಿದ್ದ ಪಾಪದ ಫೈಲ್ ಅದಾಗಿರಬಹುದು. ಆ ದಿನ ಐದು ದಾಖಲೆಗಳಿದ್ದವು. ಮೂರರಲ್ಲಿ ಎನ್‌ಟಿ-ಡಿಎಲ್‌ಎಲ್, ಎರಡರಲ್ಲಿ ಕ್ಯಾಮೆರಾ ಪ್ಲಗಿನ್‌ನ ಡಿಕೋಡರ್, ಅಂದರೆ ವಿಡಿಯೋ ಬಿಡಿಸಿ ತೋರಿಸುವ ಫೈಲ್. ಆ ಎರಡೇ ಸಾಕಾಯಿತು.

ಫೈಲಿನ ಪ್ರಾಪರ್ಟೀಸ್ ತೆಗೆದು ನೋಡಿದೆ. ಮುಖ್ಯ ಫೈಲ್ ಹೊಸ ಆವೃತ್ತಿ, ಡಿಕೋಡರ್ ಹಳೆಯದು. ಯಾರೋ ಬ್ರೌಸರ್ ತೆರೆದಿಟ್ಟೇ ಪ್ಲಗಿನ್ ಅಪ್‌ಡೇಟ್ ಮಾಡಿದ್ದರು. ಬಳಕೆಯಲ್ಲಿದ್ದ ಫೈಲನ್ನು ಇನ್‌ಸ್ಟಾಲರ್ ಬದಲಿಸಲಾಗದೆ ಬಿಟ್ಟಿತ್ತು. ಬ್ರೌಸರ್‌ನ ಎಲ್ಲ ಕಿಟಕಿ ಮುಚ್ಚಿ, ಎಡ್ಜ್ ಹಿನ್ನೆಲೆಯಲ್ಲಿ ಓಡುತ್ತಿಲ್ಲ ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿಕೊಂಡೆ. ಪ್ಲಗಿನ್ ತೆಗೆದೆ, ಅದರ ಫೋಲ್ಡರ್‌ನಲ್ಲಿ ಉಳಿದಿದ್ದನ್ನು ಕೈಯಾರೆ ಅಳಿಸಿದೆ. ರೀಸ್ಟಾರ್ಟ್ ಮಾಡಿ ಮತ್ತೆ ಹಾಕಿದೆ. ಎಂಟೂ ಕ್ಯಾಮೆರಾ ಬಂದವು.

ಅಲ್ಲಿದ್ದವರು ಪರದೆ ನೋಡಿ ಖುಷಿಪಟ್ಟರು. ನಾನು ಚೀಲ ಎತ್ತಿಕೊಳ್ಳುವಾಗ, "ಹೇಗೂ ಬಂದಿದ್ದೀರಲ್ಲ ಸಾರ್, ಬ್ರೌಸರ್ರೂ ಒಂದ್ಸಲ ಹೊಸದಾಗಿ ಹಾಕಿಬಿಡಿ" ಎಂದರು.